ಬೇರ್ಪಡಿಸುವ ಕೆಲಸ

ವಿವೇಕ ಎಂಬ ಮಾತಿಗೆ ಸಂಸ್ಕೃತದಲ್ಲಿ ಬೇರ್ಪಡಿಸುವುದು ಎಂದೇ ಅರ್ಥವಂತೆ. ಕಾಲೇಜಿನಲ್ಲಿ ಇದನ್ನು ಕೇಳಿದಾಗ ನಮಗೆ ನಗು ಬಂತು. ನಮ್ಮ ಅವ್ವಂದಿರು ತಲೆತಲಾಂತರದಿಂದ ಮಾಡ್ತಾ ಬಂದದ್ದು ಇದೇ ಕೆಲಸ. ಕಂಡವರ ಕಣದಲ್ಲಿ ರಾಗಿ ತೂರಿದರು, ಮೊರದಲ್ಲಿ ಕೇರಿದರು, ಕಲ್ಲು ಆರಿಸಿದರು. ಕಾಳು ಒಡೆಯರ ಮನೆಗೆ ಹೋಯ್ತು, ಧೂಳು ಇವರ ಎದೆಗೆ ಹೋಯ್ತು. ಇವರನ್ನು ಯಾರೂ ವಿವೇಕಿಗಳು ಅನ್ನಲಿಲ್ಲ.

ಅದ್ವೈತದ ಗ್ರಂಥಗಳು ನಿತ್ಯಾನಿತ್ಯ ವಸ್ತುವಿವೇಕದ ಮಾತಾಡುತ್ತವೆ. ಆತ್ಮ ನಿತ್ಯ, ದೇಹ ಅನಿತ್ಯ. ಆಯ್ತು ಸ್ವಾಮಿ. ದೇಹವೇ ಅನಿತ್ಯವಾದರೆ ಅದಕ್ಕೆ ಅಂಟಿಸಿದ ಜಾತಿ ಹೇಗೆ ನಿತ್ಯವಾಯ್ತು? ಆತ್ಮಕ್ಕೆ ಮೈಲಿಗೆಯಿಲ್ಲ ಎಂದು ಪ್ರವಚನ ಮಾಡಿಸಿದ ಊರಿನ ಹೋಟೆಲಿನಲ್ಲೇ ನಮ್ಮ ಲೋಟ ಬೇರೆ ಇತ್ತು. ಸುಳ್ಳು-ಸತ್ಯ ಬೇರ್ಪಡಿಸಬೇಕಾದ ವಿವೇಕ ಮನುಷ್ಯರನ್ನು ಬೇರ್ಪಡಿಸಿ ಕೈ ತೊಳೆದುಕೊಂಡಿತು.

ಬಾಬಾಸಾಹೇಬ್ ಅಂಬೇಡ್ಕರರು ತೋರಿದ ವಿವೇಕ ಬೇರೆ. ತಾವು ಹಿಂದುವಾಗಿ ಸಾಯುವುದಿಲ್ಲ ಎಂದು ಅವರು ಯೇವಲಾದಲ್ಲಿ ಸಾರಿದ್ದು 1935ರಲ್ಲಿ. ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಸಿಟ್ಟು ಬಂದ ಮರುದಿನವೇ ಯಾವುದೋ ಧರ್ಮದ ಬಾಗಿಲು ತಟ್ಟಲಿಲ್ಲ. ಓದಿದರು, ವಾದಿಸಿದರು, ತೂಗಿ ನೋಡಿದರು. ಅಂದು ತಮ್ಮ ಜನಕ್ಕೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಹಳೆಯ ದೇವರುಗಳನ್ನು ಬಿಡುವ ಮಾತಿದೆ. ಕಳ್ಳತನ, ಸುಳ್ಳು, ಹೆಂಡ ಬಿಡುವ ಮಾತೂ ಇದೆ. ಅವರಿಗೆ ಧರ್ಮ ಬೇರೆ, ದಿನದ ಬದುಕು ಬೇರೆ ಆಗಿರಲಿಲ್ಲ.

ಈ ತೂಕವನ್ನು ನಾವು ನಮ್ಮ ಕೇರಿಗೂ ಹಾಕಬೇಕು. ಮಾರವ್ವ ನಮ್ಮವಳೇ, ಅವಳ ಹಬ್ಬಕ್ಕೆ ಕುರಿ ತರಲು ಎತ್ತಿದ ಬಡ್ಡಿಸಾಲ ನಮ್ಮದಲ್ಲ. ಹಬ್ಬಕ್ಕೆ ಹುಟ್ಟುವ ಸಾಲ ಮಗಳ ಕಾಲೇಜು ಫೀಜಿಗೆ ಯಾಕೆ ಹುಟ್ಟೋದಿಲ್ಲ? ತಮಟೆ ಬಡಿಯೋದು ನಮ್ಮ ಕಲೆ. ಬಿಟ್ಟಿ ಬಂದು ಬಡಿ ಅನ್ನೋದು ಜೀತ. ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಪಟಕ್ಕೆ ಹಾರ ಹಾಕಿದವನು ನಮಗೆ ಸ್ಮಶಾನದ ಜಾಗ ಕೊಡಿಸುವಾಗ ಎಲ್ಲಿರುತ್ತಾನೆ, ಅದನ್ನೂ ನೋಡಬೇಕು.

ಗೆಳೆಯರೇ, ಪರಂಪರೆಯಿಂದ ಬಂತೆಂದು, ಗುರು ಹೇಳಿದನೆಂದು ಯಾವುದನ್ನೂ ನಂಬಬೇಡಿ ಎಂದು ಬುದ್ಧ ಕೇಸಪುತ್ತದ ಕಾಲಾಮರಿಗೆ ತಿಳಿಹೇಳಿದ. ಗುರು ಮಠದವನಿರಲಿ, ನಮ್ಮ ಸಂಘದವನೇ ಇರಲಿ. ಇದರಿಂದ ಯಾರ ಹೊಟ್ಟೆ ತುಂಬಿತು, ಯಾರ ಬೆನ್ನು ಬಾಗಿತು ಎಂದು ಎದ್ದು ನಿಂತು ಕೇಳೋಣ.