ಹುಲಿಗೂ ಬೇಕು ದೂರದ ಸಂಬಂಧ

ನಮ್ಮ ಬೆಲ್‌ರೋಸಿನಲ್ಲಿ ನಾಲ್ಕು ಕನ್ನಡ ಸಂಸಾರಗಳು ಸೇರಿದರೆ, ಊಟವಾದ ಮೇಲೆ ಮಾತು ಊರಿನ ರಜೆಯ ಕಡೆಗೆ ಹೊರಳುವುದು ವಾಡಿಕೆ. ಆಗ ತಪ್ಪದೆ ಬರುವ ದೂರು ಒಂದು: ಬಂಡೀಪುರದ ರಸ್ತೆಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು! 2009ರಿಂದ ಇರುವ ಈ ನಿರ್ಬಂಧದಿಂದಾಗಿ, ಊಟಿಗೋ ವಯನಾಡಿಗೋ ಹೊರಟವರು ತಡವಾದರೆ ಗುಂಡ್ಲುಪೇಟೆಯಲ್ಲೇ ಮಲಗಬೇಕು. ನಾಲ್ಕು ಹುಲಿಗಳಿಗಾಗಿ ಇಷ್ಟೊಂದು ರಂಪವೇ ಎನ್ನುವವರು ನಮ್ಮಲ್ಲೂ ಉಂಟು. ಅವರಿಗಾಗಿ ಈ ಎರಡು ಮಾತು.

ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಪಟ್ಟೆಗಳನ್ನು ನೋಡಿ ಹುಲಿಗಳನ್ನು ಎಣಿಸಿದರು. ಅವರು ಬಹುಕಾಲ ದುಡಿದ ವನ್ಯಜೀವಿ ಸಂಸ್ಥೆಯೇ ನಮ್ಮ ಮಕ್ಕಳು ನೋಡಿ ನಲಿಯುವ ಬ್ರಾಂಕ್ಸ್ ಮೃಗಾಲಯವನ್ನೂ ನಡೆಸುತ್ತದೆ. ಮುಂದೆ ಬೆಂಗಳೂರಿನ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಕಾರಂತರೊಡನೆ ಸೇರಿ ಬಂಡೀಪುರದ ಹುಲಿಗಳ ಹಿಕ್ಕೆಯನ್ನು ಪರೀಕ್ಷಿಸಿದರು. ಹಿಕ್ಕೆಗೆ ಕರುಳಿನ ಜೀವಕೋಶಗಳು ಅಂಟಿರುತ್ತವೆ. ಅವುಗಳ ಡಿಎನ್‌ಎಯಿಂದ ಇದು ಯಾವ ಹುಲಿಯದೆಂದು ಹೇಳಬಹುದು. 58 ಮಾದರಿಗಳಲ್ಲಿ 26 ಬೇರೆ ಬೇರೆ ಹುಲಿಗಳು ಪತ್ತೆಯಾದವು. 2009ರಲ್ಲಿ ಪ್ರಕಟವಾದ ಈ ಲೆಕ್ಕ ಕ್ಯಾಮೆರಾದ ಲೆಕ್ಕಕ್ಕೆ ಚೆನ್ನಾಗಿ ಹೊಂದಿತು. ಹುಲಿಯನ್ನು ಮುಟ್ಟಲೂ ಇಲ್ಲ, ನೋಡಲೂ ಇಲ್ಲ!

ಡಿಎನ್‌ಎ ಎಣಿಕೆಯನ್ನಷ್ಟೇ ಅಲ್ಲ, ನೆಂಟಸ್ತಿಕೆಯನ್ನೂ ಹೇಳುತ್ತದೆ. ಒಡಿಶಾದ ಸಿಮಿಲಿಪಾಲದಲ್ಲಿ ಕೆಲವು ಹುಲಿಗಳ ಪಟ್ಟೆಗಳು ಕೂಡಿಕೊಂಡು ಮೈಯೇ ಕಪ್ಪಾಗಿ ಕಾಣುತ್ತದೆ. ಇದಕ್ಕೆ ಒಂದೇ ಜೀನಿನ ಬದಲಾವಣೆ ಕಾರಣವೆಂದು ಉಮಾ ಅವರ ತಂಡ 2021ರಲ್ಲಿ ತೋರಿಸಿತು. ತಂದೆತಾಯಿ ಇಬ್ಬರಿಂದಲೂ ಆ ಜೀನು ಬಂದರೆ ಮಾತ್ರ ಮರಿ ಕಪ್ಪು. ಬೇರೆಡೆ ಕಾಣದ ಈ ಬಣ್ಣ ಅಲ್ಲಿ ಸುಮಾರು ಮೂರರಲ್ಲೊಂದು ಹುಲಿಗಿತ್ತು. ಹೊರಗಿನ ಹುಲಿಗಳು ಬರುವ ದಾರಿ ಕಡಿದು, ಒಂದೇ ಮನೆಯೊಳಗೆ ಸಂಬಂಧ ಬೆಳೆದದ್ದರ ಫಲ ಇದು. ನಮ್ಮ ಹಿರಿಯರು ಸಗೋತ್ರ ಬೇಡವೆಂದರು (ಸೋದರಮಾವನ ಮಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ, ಆ ಮಾತು ಬೇರೆ!). ಕಾಡಿನಲ್ಲಿ ಹೆಣ್ಣು ನೋಡುವವರಾರು? ಕೊನೆಗೆ 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಎರಡು ಹೆಣ್ಣು ಹುಲಿಗಳನ್ನು ಸಿಮಿಲಿಪಾಲಕ್ಕೆ ಸೊಸೆಯಂದಿರಂತೆ ಕರೆತರಬೇಕಾಯಿತು.

ನಮ್ಮ ಬಂಡೀಪುರಕ್ಕೆ ಆ ಗತಿ ಬಂದಿಲ್ಲ. ಅಲ್ಲಿನ ಹುಲಿ ನಾಗರಹೊಳೆ, ಮುದುಮಲೈ, ವಯನಾಡುಗಳಿಗೆ ತಾನೇ ನಡೆದು ಹೋಗಬಲ್ಲದು. ಅದರ ಓಡಾಟವೆಲ್ಲ ಹೆಚ್ಚಾಗಿ ರಾತ್ರಿಯೇ. ಗೇಟಿನಿಂದ ಆಚೀಚೆಯ ವ್ಯಾಪಾರಿಗಳಿಗೆ ತೊಂದರೆ ಇರುವುದು ನಿಜ. ಆದರೆ ಕಡಿದ ಕಾಡನ್ನು ಮತ್ತೆ ಬೆಸೆಯುವುದು ಅದಕ್ಕಿಂತ ದುಬಾರಿ. ಬೇಸಗೆಯಲ್ಲಿ ಊರಿಗೆ ಹೊರಟ ಬಂಧುಗಳೇ, ಮೈಸೂರನ್ನು ಎರಡು ಗಂಟೆ ಮುಂಚೆ ಬಿಡೋಣ, ಏನಂತೀರಿ?