ಕಾರಿನ ಕೋಣೆಗೂ ಪರವಾನಗಿ ಬೇಕು

ಲಂಡನ್ನಿನ ಉತ್ತರ ಭಾಗದಲ್ಲಿ ಹ್ಯಾಂಪ್‌ಸ್ಟೆಡ್ ಹೀತ್ ಎಂಬ ವಿಶಾಲವಾದ ಬಯಲಿದೆ. ಅದರ ಅಂಚಿನ ವಿಲ್ಲೋ ರಸ್ತೆಯಲ್ಲಿ ನಡೆದುಹೋಗುವವರಿಗೆ ಮೂರು ಮನೆಗಳ ಒಂದು ಸಾಲು ಉಳಿದವುಗಳಿಗಿಂತ ಬೇರೆಯಾಗಿ ಕಾಣುತ್ತದೆ. ಕಾಂಕ್ರೀಟಿನ ಕಂಬಗಳು, ಕೆಂಪು ಇಟ್ಟಿಗೆಯ ಹೊದಿಕೆ, ಮೊದಲ ಅಂತಸ್ತಿನ ಉದ್ದಕ್ಕೂ ಚಾಚಿದ ಕಿಟಕಿಗಳ ಪಟ್ಟಿ. ನಡುವಿನ ಎರಡನೆಯ ನಂಬರಿನ ಮನೆ ಎಲ್ಲಕ್ಕಿಂತ ದೊಡ್ಡದು. ಬುಡಾಪೆಸ್ಟಿನಲ್ಲಿ 1902ರಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಎರ್ನೊ ಗೋಲ್ಡ್‌ಫಿಂಗರ್ ತನ್ನ ಸಂಸಾರಕ್ಕಾಗಿ ಅದನ್ನು ಕಟ್ಟಿಸಿ 1939ರಲ್ಲಿ ಮುಗಿಸಿದನು. ಜೇಮ್ಸ್ ಬಾಂಡ್ ಕಾದಂಬರಿಯ ಖಳನಾಯಕನಿಗೆ ಹೆಸರು ಬಂದದ್ದು ಈತನಿಂದಲೇ ಎಂಬ ಮಾತು ಬಹಳ ಪ್ರಸಿದ್ಧ. ಆ ಪುಸ್ತಕ ಹೊರಬಂದಾಗ ಗೋಲ್ಡ್‌ಫಿಂಗರ್ ನ್ಯಾಯಾಲಯದ ಬೆದರಿಕೆ ಹಾಕಿದ್ದಂತೂ ನಿಜ.

ಮನೆ ಏಳುವ ಮುನ್ನ ಅಲ್ಲಿದ್ದ ಹಳೆಯ ಕುಟೀರಗಳನ್ನು ಕೆಡವಬೇಕಾಯಿತು. ಊರಿನ ಹಳೆಯ ಚಹರೆ ಕೆಡುತ್ತದೆ ಎಂದು ಸುತ್ತಲಿನವರು ಪ್ರತಿಭಟಿಸಿದರು. ವಿರೋಧಿಸಿದವರಲ್ಲಿ ಮುಂದೆ ಬ್ರಿಟನ್ನಿನ ಗೃಹಮಂತ್ರಿಯಾದ ಹೆನ್ರಿ ಬ್ರೂಕ್ ಕೂಡ ಒಬ್ಬರು. ಆದರೂ ಅಂದಿನ ಆಡಳಿತದಿಂದ ಅನುಮತಿ ದೊರೆಯಿತು. ಪರಂಪರೆಗೆ ಧಕ್ಕೆ ಎಂದು ಒಂದು ಕಾಲಕ್ಕೆ ದೂರಿಸಿಕೊಂಡ ಆ ಮನೆಯೇ ಇಂದು ಸರಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ!

ಈ ಮನೆಯ ನೆಲ ಅಂತಸ್ತಿನಲ್ಲಿ ಗ್ಯಾರೇಜು ಇತ್ತು. ನಮ್ಮ ಕಡೆ ಗ್ಯಾರೇಜು ಎಂದರೆ ಗಾಡಿ ರಿಪೇರಿಯ ಅಂಗಡಿ. ಅಲ್ಲಿ ಅದು ಮನೆಯ ಕಾರು ನಿಲ್ಲುವ ಕೋಣೆ. ಗೋಲ್ಡ್‌ಫಿಂಗರ್ ದಂಪತಿಗಳ ನಂತರ ಮನೆಯು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಬಂದಿತು. 1895ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಹಳೆಯ ಮನೆಗಳನ್ನೂ ನಿಸರ್ಗತಾಣಗಳನ್ನೂ ಕಾಯುತ್ತದೆ. 1996ರಲ್ಲಿ ಮನೆ ಸಾರ್ವಜನಿಕರಿಗೆ ತೆರೆದಾಗ ಕಾರಿನ ಕೋಣೆ ಪುಟ್ಟ ಚಿತ್ರಮಂದಿರವಾಗಿತ್ತು. ಬಂದವರು ಅಲ್ಲಿ ಕುಳಿತು ಮನೆಯ ಕಥೆಯನ್ನು ನೋಡಿ, ಬಳಿಕ ಸುರುಳಿ ಮೆಟ್ಟಿಲೇರಿ ಮೇಲೆ ಹೋಗಬಹುದಾಯಿತು.

ಕಾರು ತೆಗೆದು ಕುರ್ಚಿ ಹಾಕಲು ಯಾರನ್ನು ಕೇಳಬೇಕು ಎಂದು ನಮಗೆ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ ಸಾಮಾನ್ಯ ಮನೆಯವರು ಗ್ಯಾರೇಜನ್ನು ವಾಸದ ಕೋಣೆ ಮಾಡಿಕೊಂಡರೆ ಬಹುತೇಕ ಯೋಜನಾ ಅನುಮತಿಯ ಗೊಡವೆ ಇಲ್ಲ. ಸಂರಕ್ಷಿತ ಮನೆಯ ಮಾತು ಬೇರೆ. 1990ರ ಕಾಯಿದೆಯ ಪ್ರಕಾರ ಇಂಥ ಕಟ್ಟಡದ ಸ್ವರೂಪಕ್ಕೆ ತಟ್ಟುವ ಯಾವ ಕೆಲಸಕ್ಕೂ, ಅದು ಒಳಗಿನದೇ ಆಗಿರಲಿ, ವಿಶೇಷ ಒಪ್ಪಿಗೆ ಪಡೆಯಬೇಕು. ಅಂಗಳದಲ್ಲಿ ಬೇರೆಯಾಗಿ ನಿಂತ ಗ್ಯಾರೇಜಾದರೂ, 1948ರ ಜುಲೈ 1ಕ್ಕಿಂತ ಮೊದಲಿನಿಂದ ಮನೆಯ ಅಂಗವಾಗಿ ಇದ್ದರೆ, ಮನೆಯ ರಕ್ಷಣೆಯೇ ಅದಕ್ಕೂ ಸಲ್ಲುತ್ತದೆ. ಒಪ್ಪಿಗೆಯಿಲ್ಲದೆ ಗೋಡೆಗೆ ಉಳಿ ಇಟ್ಟರೆ ಅದು ಅಪರಾಧ. ಕಟ್ಟಡದ ಉಪಯೋಗವೇ ಬದಲಾಗುವುದಾದರೆ, ಅಂದರೆ ವಾಸದ ಮನೆ ವಸ್ತುಸಂಗ್ರಹಾಲಯವಾಗುವುದಾದರೆ, ಅದಕ್ಕೆ ಯೋಜನಾ ಅನುಮತಿ ಎಂಬ ಇನ್ನೊಂದು ಪರವಾನಗಿ ಇದೆ. ಅರ್ಜಿ ಹೋಗುವುದು ಸ್ಥಳೀಯ ಕೌನ್ಸಿಲಿಗೆ, ನಮ್ಮ ನಗರಪಾಲಿಕೆಯಂಥ ಸಂಸ್ಥೆಗೆ. ಅರ್ಜಿಯ ಸುದ್ದಿಯನ್ನು ಕೌನ್ಸಿಲು ಪ್ರಕಟಿಸಬೇಕು. ಓಣಿಯ ದೀಪದ ಕಂಬಕ್ಕೆ ನೋಟೀಸು ಕಟ್ಟುವುದು ರೂಢಿ. 21 ದಿನಗಳೊಳಗೆ ಯಾರು ಬೇಕಾದರೂ ತಮ್ಮ ಅಭಿಪ್ರಾಯ ಬರೆದು ಕಳುಹಿಸಬಹುದು. ಆ ದೀಪದ ಕಂಬದ ಕಾಗದ ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಇನ್ನೊಂದು ಮನೆಯ ವಿಚಾರ ನಮಗೆ ಇದಕ್ಕಿಂತ ಹತ್ತಿರದ್ದು. ವಿಲ್ಲೋ ರಸ್ತೆ ಇರುವುದು ಕ್ಯಾಮ್ಡೆನ್ ಕೌನ್ಸಿಲಿನ ವ್ಯಾಪ್ತಿಯಲ್ಲಿ. ಅದೇ ಕೌನ್ಸಿಲಿನ ವ್ಯಾಪ್ತಿಯೊಳಗೆ, ಪ್ರಿಮ್ರೋಸ್ ಹಿಲ್ ಬಳಿ, ಕಿಂಗ್ ಹೆನ್ರೀಸ್ ರಸ್ತೆಯ 10ನೆಯ ನಂಬರಿನ ಮನೆಯ ಮೇಲೆ ಒಂದು ನೀಲಿ ಫಲಕವಿದೆ. ಡಾ. ಬಿ. ಆರ್. ಅಂಬೇಡ್ಕರ್ ಅವರು 1921–22ರಲ್ಲಿ ಇಲ್ಲಿ ವಾಸವಾಗಿದ್ದರು ಎಂದು ಅದು ಸಾರುತ್ತದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಓದುತ್ತ, ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಪದವಿಗೆ ಸಿದ್ಧರಾಗುತ್ತಿದ್ದ ದಿನಗಳವು. ಆ ಓದಿಗೆ ಕೊಲ್ಹಾಪುರದ ಶಾಹೂ ಮಹಾರಾಜರ ನೆರವೂ ಇತ್ತು. ಇಂಗ್ಲೆಂಡಿನಿಂದ ಮರಳಿದ ಮೇಲೆ ಅಂಬೇಡ್ಕರರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆ 1925ರಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆದದ್ದು ನಮ್ಮ ಸೊಲ್ಲಾಪುರದಲ್ಲಿ. ಬಾಡಿಗೆಯ ಕೋಣೆಯಲ್ಲಿ ಓದಿನ ಕಷ್ಟ ಕಂಡವರಿಗೆ ಅದರ ಬೆಲೆ ತಿಳಿದಿತ್ತು.

ಮಹಾರಾಷ್ಟ್ರ ಸರಕಾರ 2015ರಲ್ಲಿ ಈ ಮನೆಯನ್ನು ಕೊಂಡುಕೊಂಡಿತು. ಅದೇ ನವೆಂಬರಿನಲ್ಲಿ ಪ್ರಧಾನಮಂತ್ರಿಗಳಿಂದ ಉದ್ಘಾಟನೆಯೂ ಆಯಿತು. ಆದರೆ ವಾಸದ ಮನೆಯನ್ನು ಸಂಗ್ರಹಾಲಯ ಮಾಡುವ ಅನುಮತಿಗೆ ಅರ್ಜಿ ಹೋದದ್ದು 2018ರಲ್ಲಿ, ನೆರೆಯವರಿಂದ ದೂರು ಬಂದ ನಂತರ. ಅದೇ ವರ್ಷ ಅಕ್ಟೋಬರಿನಲ್ಲಿ ಕೌನ್ಸಿಲು ಅರ್ಜಿಯನ್ನು ತಿರಸ್ಕರಿಸಿತು. ಮನೆಗಳ ಅಭಾವವಿರುವ ನಗರದಲ್ಲಿ ಒಂದು ವಾಸದ ಮನೆ ಕಳೆದುಹೋಗುತ್ತದೆ ಎಂಬುದು ಅದರ ಕಾರಣ.

ಈ ಸುದ್ದಿ ಕೇಳಿ ನಮ್ಮಲ್ಲಿ ಅನೇಕರಿಗೆ ನೋವಾಯಿತು, ಸಿಟ್ಟೂ ಬಂದಿತು. ನೋವು ಸಹಜ. ಆದರೆ ನೀಲಿ ಫಲಕವು ಗೌರವದ ಗುರುತೇ ಹೊರತು ಕಾಯಿದೆಯ ರಕ್ಷಣೆಯಲ್ಲ. ಕೌನ್ಸಿಲಿನ ಪ್ರಶ್ನೆ ಅಂಬೇಡ್ಕರರ ಹಿರಿಮೆಯ ಕುರಿತದ್ದೂ ಅಲ್ಲ. ಬೀಗದ ಕೈ ಸಿಕ್ಕ ದಿನವೇ ಅರ್ಜಿಯನ್ನೂ ಬರೆದಿದ್ದರೆ, ಸಂವಿಧಾನ ಬರೆದವರ ಮನೆಗೆ ಅದು ತಕ್ಕ ನಡತೆಯಾಗುತ್ತಿತ್ತು.

ಮೇಲ್ಮನವಿ ಸಲ್ಲಿಕೆಯಾಯಿತು. 2019ರ ಸೆಪ್ಟೆಂಬರಿನಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಮನೆಗಳ ಲೆಕ್ಕದಲ್ಲಿ ಒಂದು ಕಡಿಮೆಯಾಗುವುದು ದಿಟವಾದರೂ ಈ ಸ್ಥಳದ ಮಹತ್ವವೇ ಹೆಚ್ಚಿನದು ಎಂಬ ನಿಲುವಿನಿಂದ 2020ರ ಮಾರ್ಚಿನಲ್ಲಿ ಬ್ರಿಟನ್ನಿನ ವಸತಿ ಸಚಿವ ರಾಬರ್ಟ್ ಜೆನ್ರಿಕ್ ಅನುಮತಿ ನೀಡಿದರು.

ಮುಂದೆಂದಾದರೂ ನಮ್ಮ ಶಾಲೆಯ ಮಕ್ಕಳಲ್ಲಿ ಯಾರಾದರೂ ಓದಲು ಲಂಡನ್ನಿಗೆ ಹೋದರೆ ಚಾಕ್ ಫಾರ್ಮ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಅಂಬೇಡ್ಕರರ ಮನೆ ಕೆಲವೇ ನಿಮಿಷಗಳ ನಡಿಗೆ. ಬೀದಿಯ ದೀಪದ ಕಂಬಗಳಲ್ಲಿ ಯಾವುದಾದರೂ ನೋಟೀಸು ಕಂಡರೆ ನಿಂತು ಅದನ್ನೂ ಓದಿಕೊಳ್ಳಲಿ.