ಬೆನ್ನ ಮೇಲಿನ ಹೆಸರು

ಚಳಿಗಾಲದ ಶನಿವಾರ ಬಂತು ಅಂದ್ರೆ ನಮ್ಮ ಬಾಡದ ಬೇಲೆಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡವರ ಸಾಲು. ಕುಮಟೆಯಿಂದ ಗೋಕರ್ಣಕ್ಕೆ ಕಡಲಂಚಲ್ಲೇ ನಡೆಯುವವರು. ಅಘನಾಶಿನಿಯಲ್ಲಿ ದೋಣಿ ಹತ್ತಿ ತದಡಿಗೆ ದಾಟ್ತಾರೆ. ನನಗೋ ಚೀಲದ ಮೇಲಿನ ಹೆಸರು ಓದುವ ಚಟ. ಜಾಸ್ತಿ ಕಾಣೋದು ಕ್ವೆಚುವಾ, ನಡುನಡುವೆ ವೈಲ್ಡ್‌ಕ್ರಾಫ್ಟ್.

ವೈಲ್ಡ್‌ಕ್ರಾಫ್ಟ್ ಬೆಂಗಳೂರಿನದು. ಚಾರಣದ ಹುಚ್ಚಿನವರು ಟೆಂಟ್ ಮಾಡಲು ಹೊರಟು ಬೆಳೆಸಿದ ಕಂಪನಿ. ಕ್ವೆಚುವಾ ಫ್ರಾನ್ಸಿನ ಡೆಕಾಥ್ಲಾನಿನ ಕೂಸು. ಆ ಡೆಕಾಥ್ಲಾನ್ 2009ರಲ್ಲಿ ಭಾರತಕ್ಕೆ ಕಾಲಿಟ್ಟಿದ್ದೂ ಬೆಂಗಳೂರಿನ ಸರ್ಜಾಪುರ ರಸ್ತೆಗೇ! ವಿನ್ಯಾಸವೂ ತನ್ನದು, ಅಂಗಡಿಯೂ ತನ್ನದು. ನಡುವೆ ಪಾಲು ಕೇಳೋರಿಲ್ಲ. ಹಾಗಾಗಿ ಬೆಲೆಯಲ್ಲಿ ಅದನ್ನು ಮಣಿಸೋದು ಕಷ್ಟ. ಟೆಂಟಿನ ಆಟದಲ್ಲಿ ನಮ್ಮೂರಿನವರು ಸೋತ ಹಾಗೇ ಅಂತ ನನ್ನ ಲೆಕ್ಕ.

ಆದ್ರೆ ಜೂನ್‌ನಲ್ಲಿ ನೋಡಿ... ಶಾಲೆಯೂ ಶುರು, ಮಳೆಯೂ ಶುರು. ಡೆಕಾಥ್ಲಾನಿಗೆ ದೊಡ್ಡ ಅಂಗಡಿ ಬೇಕು, ಅದಕ್ಕೆ ತಕ್ಕ ದೊಡ್ಡ ಊರೂ ಬೇಕು. ವೈಲ್ಡ್‌ಕ್ರಾಫ್ಟಿಗೆ ಸಣ್ಣ ಪೇಟೆಯ ಬ್ಯಾಗಿನಂಗಡಿಯ ಒಂದು ಮೊಳೆ ಸಾಕು, ನೇತಾಡಲಿಕ್ಕೆ. ಅದರ ನಿಜವಾದ ಬಲ ಬೆಟ್ಟದಲ್ಲಿಲ್ಲ, ಹೈಸ್ಕೂಲು ಹುಡುಗರ ಬೆನ್ನ ಮೇಲಿದೆ. (ಗೊರಬು ಹೊದ್ದು ಸಸಿ ನೆಟ್ಟವರಿಗೆ ಬ್ರ್ಯಾಂಡಿನ ಗೊಡವೆಯೇ ಇರಲಿಲ್ಲ ಬಿಡಿ!) 2020ರಲ್ಲಿ ಕೊರೋನಾ ಬಂದಾಗ ಬ್ಯಾಗು ಬಿಟ್ಟು ಮಾಸ್ಕು, ಪಿಪಿಇ ಕಿಟ್ಟು ಹೊಲಿದದ್ದೂ ಇದೇ ಕಂಪನಿ. ಹೊಲಿಗೆ ಕೈಯಲ್ಲಿದ್ದವರಿಗೆ ಅದೊಂದು ಅನುಕೂಲ.

ಆದ್ರೂ ಶಾಲೆಚೀಲದಲ್ಲಿ ಸ್ಕೈಬ್ಯಾಗ್ಸ್, ಅಮೆರಿಕನ್ ಟೂರಿಸ್ಟರ್ ಪಕ್ಕದ ಮೊಳೆಯಲ್ಲೇ ಇವೆ. ಅಲ್ಲಿ ಬೆಟ್ಟ ಹತ್ತಿದ ಹೆಸರೇ ಬಂಡವಾಳ. ಟೆಂಟು ಬಿಟ್ಟುಕೊಟ್ಟರೆ ಆ ಹೆಸರು ಎಷ್ಟು ದಿನ ಬಾಳೀತು?

ನಿಮ್ಮನೇಲಿ ಯಾವ ಚೀಲ ಇದೆ, ಹೇಳಿ ನೋಡೋಣ :)